ಹೊಸ ರೂಟರ್ ಬಂದ ಮೇಲೆ ಫೈಲ್ ಸರ್ವರ್ ಸಿಗುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಆಫೀಸಿನಲ್ಲಿ 14 ಕಂಪ್ಯೂಟರ್, ಒಂದು ಫೈಲ್ ಸರ್ವರ್ (192.168.1.20), ಲಾಗಿನ್ ಮತ್ತು ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ತಾನಾಗಿ ಹಂಚುವ ವ್ಯವಸ್ಥೆ) ನೋಡಿಕೊಳ್ಳುವ ವಿಂಡೋಸ್ ಸರ್ವರ್ (192.168.1.10) ಇವೆ. ಹೋದ ವಾರ ರೂಟರ್ ಬದಲಾಯಿಸಿದೆವು. ಅಲ್ಲಿಂದ ಮೂರ್ನಾಲ್ಕು ಕಂಪ್ಯೂಟರ್‌ಗಳಿಗೆ ಫೈಲ್ ಸರ್ವರ್ ಸಿಗುತ್ತಿಲ್ಲ, ಕೆಲವದರಲ್ಲಿ ಲಾಗಿನ್ ಆಗಲು ಐದು ನಿಮಿಷ ಬೇಕು. ಫೈಲ್ ಸರ್ವರ್‌ನಲ್ಲಿ ‘ಐಪಿ ಕಾನ್‌ಫ್ಲಿಕ್ಟ್’ (ಒಂದೇ ಐಪಿ ಇಬ್ಬರ ಹತ್ತಿರ ಇದೆ) ಅಂತ ಮೆಸೇಜ್ ಬೇರೆ. ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಮತ್ತೆ ಅದೇ. ಸರ್ವರ್ ಕೆಟ್ಟಿದೆಯಾ?

ಉತ್ತರ: ಇಲ್ಲ. ದಯವಿಟ್ಟು ಸರ್ವರ್ ಫಾರ್ಮ್ಯಾಟ್ ಮಾಡಲು ಹೋಗಬೇಡಿ. ಹೊಸ ರೂಟರ್‌ಗಳಲ್ಲಿ ಡಿಎಚ್‌ಸಿಪಿ ಸಾಮಾನ್ಯವಾಗಿ ಆನ್ ಆಗಿಯೇ ಬರುತ್ತದೆ. ಈಗ ನಿಮ್ಮಲ್ಲಿ ಐಪಿ ಹಂಚುವವರು ಇಬ್ಬರು, ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ ಎಂದು ನನ್ನ ಅನುಮಾನ. ಕಂಪ್ಯೂಟರ್ ಐಪಿ ಬೇಕೆಂದು ಇಡೀ ನೆಟ್‌ವರ್ಕಿಗೆ ಕೇಳುತ್ತದೆ. ಯಾರ ಉತ್ತರ ಮೊದಲು ಬಂತೋ ಹೆಚ್ಚಾಗಿ ಅದನ್ನೇ ಹಿಡಿಯುತ್ತದೆ. ಎಲ್ಲರಿಗೂ ಒಟ್ಟಿಗೆ ತೊಂದರೆ ಆಗದಿರುವುದು ಅದಕ್ಕೇ.

ತೊಂದರೆ ಇರುವ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್ /ಆಲ್’ (ipconfig /all) ಹೊಡೆದು ಡಿಎಚ್‌ಸಿಪಿ ಸರ್ವರ್ ಎಂಬ ಸಾಲು ನೋಡಿ. ಅಲ್ಲಿ 192.168.1.10 ಬದಲು ರೂಟರಿನ ವಿಳಾಸ ಇದ್ದರೆ ಕಳ್ಳ ಸಿಕ್ಕಿಬಿದ್ದ. ಡಿಎನ್ಎಸ್ (ಹೆಸರು ಕೇಳಿ ಅದರ ಐಪಿ ಹೇಳುವ ಸೇವೆ) ಸಾಲನ್ನೂ ನೋಡಿ. ಅದೂ ರೂಟರಿನದೇ ಆಗಿದ್ದರೆ ಲಾಗಿನ್ ನಿಧಾನವಾಗುವುದು ಸಹಜ, ನಿಮ್ಮ ಡೊಮೈನ್ (ಎಲ್ಲರೂ ಲಾಗಿನ್ ಆಗುವ ಆಫೀಸಿನ ವ್ಯವಸ್ಥೆ) ಎಲ್ಲಿದೆ ಎಂದು ರೂಟರಿಗೆ ಗೊತ್ತಿರುವುದಿಲ್ಲ.

ಇನ್ನು ಕಾನ್‌ಫ್ಲಿಕ್ಟ್. ಜನ ಕೆಲಸದಲ್ಲಿಲ್ಲದ ಹೊತ್ತು ಫೈಲ್ ಸರ್ವರಿನ ಕೇಬಲ್ ಕಿತ್ತಿಡಿ. ಬೇರೆ ಕಂಪ್ಯೂಟರಿನಲ್ಲಿ ‘ಆರ್ಪ್ -ಡಿ’ (arp -d) ಕೊಟ್ಟು ಯಾವ ಐಪಿ ಯಾವ ಯಂತ್ರದ್ದು ಎಂಬ ಹಳೆಯ ನೆನಪು ಅಳಿಸಿ, 192.168.1.20ಕ್ಕೆ ಪಿಂಗ್ ಮಾಡಿ (ಅಂದರೆ ‘ಇದ್ದೀಯಾ’ ಎಂದು ಕೇಳಿ), ತಕ್ಷಣ ‘ಆರ್ಪ್ -ಎ’ (arp -a) ನೋಡಿ. ಪಿಂಗ್‌ಗೆ ಉತ್ತರ ಬರಲಿಲ್ಲ ಅಂತ ಬಿಟ್ಟುಬಿಡಬೇಡಿ. ಫೈರ್‌ವಾಲ್ ಪಿಂಗ್ ತಡೆದರೂ ಆರ್ಪ್ ಪಟ್ಟಿಯಲ್ಲಿ ಮ್ಯಾಕ್ ಅಡ್ರೆಸ್ (ಯಂತ್ರದ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಬಂದಿರುತ್ತದೆ. ಬಂದಿದ್ದರೆ ಆ ಐಪಿಯಲ್ಲಿ ಬೇರೆ ಯಾರೋ ಕೂತಿದ್ದಾರೆ.

ರೂಟರಿನ ಡಿಎಚ್‌ಸಿಪಿ ಆಫ್ ಮಾಡಿ. ಸರ್ವರಿನಲ್ಲಿ 192.168.1.100ರಿಂದ 200ರವರೆಗೆ ಮಾತ್ರ ಹಂಚಲು ಬಿಡಿ, ಗೇಟ್‌ವೇ (ಇಂಟರ್ನೆಟ್‌ಗೆ ಹೋಗುವ ಬಾಗಿಲು) ಜಾಗದಲ್ಲಿ ಹೊಸ ರೂಟರಿನ ಐಪಿ ಇದೆಯಾ ನೋಡಿ. 100ರ ಕೆಳಗಿನದು ಸರ್ವರ್, ಪ್ರಿಂಟರ್‌ಗಳಿಗೆ ಮೀಸಲು.

ಪ್ರಶ್ನೆ: ನೀವು ಹೇಳಿದ್ದೇ ಸರ್, ರೂಟರೇ ಹಂಚುತ್ತಿತ್ತು. ಆಫ್ ಮಾಡಿದೆ. 20ರಲ್ಲಿ ಕೂತಿದ್ದು ಪ್ರಿಂಟರ್! ಆದರೆ ಕಾನ್‌ಫ್ಲಿಕ್ಟ್ ಇನ್ನೂ ಹೋಗಿಲ್ಲ.

ಉತ್ತರ: ರೂಟರ್ ಕೊಟ್ಟ ಐಪಿಯನ್ನು ಪ್ರಿಂಟರ್ ಅದರ ಅವಧಿ ಮುಗಿಯುವವರೆಗೂ ಬಿಡುವುದಿಲ್ಲ. ಸರ್ವರಿನ ಡಿಎಚ್‌ಸಿಪಿಯಲ್ಲಿ ಪ್ರಿಂಟರಿನ ಮ್ಯಾಕ್‌ಗೆ ಒಂದು ಐಪಿ ರಿಸರ್ವ್ ಮಾಡಿ, ಆಮೇಲೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ಕಂಪ್ಯೂಟರ್‌ಗಳಿಗೆ ‘ಐಪಿಕಾನ್ಫಿಗ್ /ರಿಲೀಸ್’ (ipconfig /release), ಬಳಿಕ ‘/ರಿನ್ಯೂ’ (ipconfig /renew) ಸಾಕು.

ಪ್ರಶ್ನೆ: ಎಲ್ಲಾ ಸರಿಹೋಯ್ತು, ತುಂಬಾ ಥ್ಯಾಂಕ್ಸ್ ಸರ್. ಕೊನೆಯದೊಂದು: ಸರ್ವರ್ ನಿಂತುಹೋದರೆ ಇರಲಿ ಅಂತ ರೂಟರಿನ ಡಿಎಚ್‌ಸಿಪಿ ಮತ್ತೆ ಆನ್ ಮಾಡಲಾ?

ಉತ್ತರ: ಖಂಡಿತ ಬೇಡ, ತೊಂದರೆ ಶುರುವಾಗಿದ್ದೇ ಅದರಿಂದ. ವಿಂಡೋಸ್ ಸರ್ವರ್ ಒಂದು ಐಪಿಯನ್ನು ಮಾಮೂಲಾಗಿ 8 ದಿನಕ್ಕೆ ಕೊಡುತ್ತದೆ, 4ನೇ ದಿನಕ್ಕೇ ಕಂಪ್ಯೂಟರ್ ನವೀಕರಿಸಲು ನೋಡುತ್ತದೆ. ಸರ್ವರ್ ಒಂದೆರಡು ದಿನ ನಿಂತರೂ ಇದ್ದವರ ಐಪಿ ಹೋಗುವುದಿಲ್ಲ. ಹೊಸದಾಗಿ ಬಂದ ಕಂಪ್ಯೂಟರಿಗೆ ಮಾತ್ರ 169.254 ಎಂದು ಶುರುವಾಗುವ ವಿಳಾಸ ಬರುತ್ತದೆ. ಅದು ಕಂಡರೆ ಐಪಿ ಕೊಡುವವರು ಸಿಕ್ಕಿಲ್ಲ ಎಂದು ತಿಳಿದುಕೊಂಡು ನೇರ ಸರ್ವರ್ ಹತ್ತಿರ ಹೋಗಿ.