ಎತ್ತಿಗೆ ಜ್ವರ, ಕೋಚ್‌ಗೆ ಬರೆ

"ಮೊದ್ಲು ಆ ಕೋಚ್‌ನ ಮನೆಗೆ ಕಳಿಸ್ಬೇಕು ಕಣ್ರೋ," ಅಂದ ಸೀನ.

ಸೀನನ ಟೀಮು ಅವತ್ತು ಸತತವಾಗಿ ಏಳನೇ ಮ್ಯಾಚ್ ಸೋತಿತ್ತು. ಯಾವ ಟೀಮು ಅಂತ ಹೇಳುವುದಿಲ್ಲ, ಅವನು ಪಡುತ್ತಿರುವ ಪಾಡೇ ಸಾಕು. ಎನ್‌ಎಚ್‌ಎಲ್ ಅನ್ನೋ ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನಲ್ಲಿ 32 ಟೀಮುಗಳಿವೆ, ಅದರಲ್ಲಿ 16 ಪ್ಲೇಆಫ್ ಅನ್ನೋ ಕೊನೇ ಹಂತಕ್ಕೆ ಹೋಗುತ್ತವೆ, ಅಲ್ಲಿ ಗೆದ್ದು ಉಳಿದವರಿಗೆ ಸ್ಟ್ಯಾನ್ಲಿ ಕಪ್. ಮಾಮೂಲಿ ಹೊತ್ತಿನಲ್ಲಿ ಸಮ ಮಾಡಿಕೊಂಡು ಆಮೇಲೆ ಸೋತರೂ ಒಂದು ಪಾಯಿಂಟು ಕೈಗಿಟ್ಟು ಕಳಿಸುತ್ತಾರೆ. ಇಷ್ಟು ಧಾರಾಳಿ ಲೀಗಿನಲ್ಲೂ ವರ್ಷ ವರ್ಷ ಹಿಂದೆ ಬೀಳುವುದಕ್ಕೆ ಒಂದು ಪ್ರತಿಭೆ ಬೇಕು. ಆ ಪ್ರತಿಭೆ ಸೀನನ ಟೀಮಿನಲ್ಲಿ ಮಾಲೀಕರಿಂದ ಹಿಡಿದು ಮೀಸಲು ಗೋಲ್‌ಕೀಪರ್‌ವರೆಗೂ ಹರಿದಿದೆ.

"ಕೋಚ್ ಪಾಪ ಏನ್ ಮಾಡ್ದ? ಅವನೇನ್ ಸ್ಕೇಟ್ ಕಟ್ಕೊಂಡು ಒಳಗೆ ಇಳೀತಾನಾ?" ಕೇಳಿದ ನಾಗೇಶ. ನಮ್ಮ ಗುಂಪಿನಲ್ಲಿ ಇವನು ಅಂಕಿಅಂಶದ ಮನುಷ್ಯ. ಗೋಲು ಬಿದ್ದಾಗ ಮಿಕ್ಕವರೆಲ್ಲ ಕುಣಿದರೆ ಇವನು ಶಾಟ್ ಎಲ್ಲಿಂದ ಬಂತು ಅಂತ ಬರೆದುಕೊಳ್ಳುತ್ತಾನೆ.

"ಇಪ್ಪತ್ಮೂರು ಆಟಗಾರರನ್ನ ಒಟ್ಟಿಗೆ ಕಳಿಸಕ್ಕಾಗತ್ತಾ? ಇವನಾದ್ರೆ ಒಬ್ಬನೇ. ಖರ್ಚೂ ಕಮ್ಮಿ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಅಂದಳು ವಿಮಲಾ. ಕಂಪನಿಗಳ ಲೆಕ್ಕ ತಪಾಸಣೆ ಮಾಡುವುದು ಅವಳ ಕಸುಬು. ಹಾಗಾಗಿ ಯಾರ ಸಂಕಟಕ್ಕೂ ಸುಲಭಕ್ಕೆ ಕರಗುವವಳಲ್ಲ.

"ಬರೆ ಹಾಕಿದ್ಮೇಲೆ ಎತ್ತು ಎದ್ದು ಓಡಿರೋದೂ ಉಂಟು!" ಸೀನ ಬೆರಳು ಮಡಚತೊಡಗಿದ. "2000ನೇ ಇಸವಿ. ನ್ಯೂಜೆರ್ಸಿ ಡೆವಿಲ್ಸ್. ಸೀಸನ್ ಮುಗಿಯಕ್ಕೆ ಎಂಟೇ ಮ್ಯಾಚ್ ಬಾಕಿ ಇದ್ದಾಗ ಜನರಲ್ ಮ್ಯಾನೇಜರ್ ಲೂ ಲ್ಯಾಮೊರೆಲ್ಲೋ ಕೋಚ್‌ನ ತೆಗೆದು ಲ್ಯಾರಿ ರಾಬಿನ್ಸನ್‌ನ ಕೂರಿಸ್ದ. ಕಪ್ ಬಂತು. 2009ರಲ್ಲಿ ಪಿಟ್ಸ್‌ಬರ್ಗ್ ಫೆಬ್ರವರಿಯಲ್ಲಿ ಕೋಚ್ ಬದಲಾಯಿಸ್ತು, ಕಪ್ ಬಂತು. ಲಾಸ್ ಏಂಜಲೀಸ್ 2011ರ ಡಿಸೆಂಬರ್‌ನಲ್ಲಿ ಬದಲಾಯಿಸ್ತು, ಮುಂದಿನ ಜೂನ್‌ಗೆ ಕಪ್. ಪಿಟ್ಸ್‌ಬರ್ಗ್ 2015ರ ಡಿಸೆಂಬರ್‌ನಲ್ಲಿ ಮತ್ತೆ ಬದಲಾಯಿಸ್ತು, ಎರಡು ಕಪ್! ಇನ್ನು ಸೇಂಟ್ ಲೂಯಿಸ್ ಕಥೆ ನಾನು ಹೇಳ್ಬೇಕಾ?"

ಬೇಡ ಅಂದರೂ ಹೇಳಿದ. 2018ರ ನವೆಂಬರ್‌ನಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ಕೋಚ್ ಮೈಕ್ ಯೋ ಅವರನ್ನ ತೆಗೆದು, ಕ್ರೇಗ್ ಬೆರೂಬಿ ಅವರನ್ನ ಹಂಗಾಮಿಯಾಗಿ ಕೂರಿಸಿತು. 2019ರ ಜನವರಿ 3ರ ಬೆಳಗ್ಗೆ ಎದ್ದು ನೋಡಿದರೆ ಆಗಿದ್ದ 31 ಟೀಮುಗಳಲ್ಲಿ 31ನೇ ಸ್ಥಾನ. ಜೂನ್ 12ಕ್ಕೆ ಅದೇ ಟೀಮು ಸ್ಟ್ಯಾನ್ಲಿ ಕಪ್ ಎತ್ತಿತು.

"ನೋಡ್ದ್ಯಾ?" ಅಂತ ಸೀನ ತೊಡೆ ತಟ್ಟಿದ.

"ನೋಡ್ದೆ," ಅಂದ ನಾಗೇಶ. "ಕೋಚ್ ಬದಲಾಗಿದ್ದು ನವೆಂಬರ್. ಕೊನೇ ಸ್ಥಾನ ಜನವರಿ. ನಡುವೆ ಆರು ವಾರ ನಿನ್ನ ಹೊಸ ಕೋಚ್ ಏನ್ ಮಾಡ್ತಿದ್ದ?"

ಸೀನ ಬೆರಳು ಬಿಚ್ಚಿದ.

"ಬದಲಾಗಿದ್ದು ಜನವರಿ 7ಕ್ಕೆ ಕಣೋ. ಅವತ್ತು ಬಿನಿಂಗ್ಟನ್ ಅಂತ ಒಬ್ಬ ಗೋಲ್‌ಕೀಪರ್‌ನ ಮೊದಲನೇ ಸಲ ಶುರುವಿಂದ ನಿಲ್ಲಿಸಿದ್ರು. ಒಂದೂ ಗೋಲು ಬಿಡಲಿಲ್ಲ. ಅದನ್ನೂ ಸೇರಿಸಿ ಪ್ಲೇಆಫ್‌ಗೆ ಮುಂಚೆ 24 ಮ್ಯಾಚ್ ಗೆದ್ದ. ಅದಕ್ಕೆ ಹಿಂದಿನ ವರ್ಷ ಇವನನ್ನ ಆಡಿಸಕ್ಕೆ ಜಾಗ ಇಲ್ಲ ಅಂತ ಎಲ್ಲಿಗೆ ಸಾಲ ಕೊಟ್ಟಿದ್ರು ಗೊತ್ತಾ? ಬಾಸ್ಟನ್‌ನ ಕೆಳಗಿನ ಟೀಮಿಗೆ. ಫೈನಲ್‌ನಲ್ಲಿ ಸೋಲಿಸಿದ್ದು ಯಾರನ್ನ? ಬಾಸ್ಟನ್‌ನ."

"ಹೋದ ವರ್ಷ ನಮ್ಮ ಮನೇಲೇ ಇದ್ದೋನು ಅಂತ ಬಾಸ್ಟನ್‌ನೋರು ಎಷ್ಟು ಹೊಟ್ಟೆ ಉರ್ಕೊಂಡಿರ್ಬೇಕು," ಅಂದೆ ನಾನು.

ನಾಗೇಶನಿಗೆ ಈಗ ಉತ್ಸಾಹ ಬಂದಿತ್ತು. ಅವನ ವಾದ ಇದು: ಹಾಕಿಯಲ್ಲಿ ಗೋಲಿನತ್ತ ಬರುವ ಹತ್ತು ಶಾಟ್‌ಗಳಲ್ಲಿ ಸುಮಾರು ಒಂಬತ್ತನ್ನು ಗೋಲ್‌ಕೀಪರ್ ತಡೆಯುತ್ತಾನೆ. ಹತ್ತನೆಯದರಲ್ಲಿ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಯಾರ ಮೊಣಕಾಲಿಗೆ ತಾಗಿತು, ಯಾವ ಸ್ಕೇಟಿಗೆ ಬಡಿದು ತಿರುಗಿತು ಅನ್ನೋದರ ಮೇಲೆ ವಾರದ ಭವಿಷ್ಯ ನಿಂತಿದೆ. ಅದಕ್ಕೇ ಲೆಕ್ಕದವರು ಒಂದು ಟೀಮು ಹೊಡೆದ ಶಾಟ್‌ಗಳಲ್ಲಿ ಶೇಕಡಾ ಎಷ್ಟು ಗೋಲಾದವು, ಅವರ ಗೋಲ್‌ಕೀಪರ್ ಶೇಕಡಾ ಎಷ್ಟು ತಡೆದ, ಎರಡನ್ನೂ ಕೂಡುತ್ತಾರೆ. ಲೀಗಿನ ಸರಾಸರಿ ನೂರು. ಒಂದು ಟೀಮು ಎದುರಾಳಿಗಿಂತ ಹೆಚ್ಚು ಶಾಟ್ ಹೊಡೆಯುತ್ತಾ, ಈ ಮೊತ್ತ ಮಾತ್ರ ತೊಂಬತ್ತಾರಕ್ಕೆ ಕುಸಿದು ಸೋಲುತ್ತಿದ್ದರೆ, ಬಹುಪಾಲು ಅದು ಗ್ರಹಚಾರ. ಕೈ ಕಟ್ಟಿ ಕೂತರೂ ಮೇಲೆ ಬರುತ್ತದೆ.

"ಪಕ್ ಕಂಬಕ್ಕೆ ಬಡಿದು ಒಳಗೆ ಬಿದ್ರೆ ಕೋಚ್ ಚಾಣಕ್ಯ, ಹೊರಗೆ ಬಿದ್ರೆ ನಿರುದ್ಯೋಗಿ," ಅಂತ ಮುಗಿಸಿದ. "2023ರಲ್ಲಿ ಎಡ್ಮಂಟನ್ ಮೊದಲ 13 ಮ್ಯಾಚ್‌ನಲ್ಲಿ ಮೂರು ಗೆದ್ದಿತ್ತು. ಶಾಟ್ ಲೆಕ್ಕ ಚೆನ್ನಾಗೇ ಇತ್ತು, ಗೋಲ್‌ಕೀಪರ್ ಕೈಲಿ ಮಾತ್ರ ಪಕ್ ನಿಲ್ತಿರಲಿಲ್ಲ. ಕೋಚ್‌ನ ಕಳಿಸಿದ್ರು. ಹೊಸಬ ಬಂದ್ಮೇಲೆ ಒಂದು ಹಂತದಲ್ಲಿ ಸತತ 16 ಗೆದ್ದು, ಫೈನಲ್‌ನ ಏಳನೇ ಮ್ಯಾಚ್‌ವರೆಗೂ ಹೋದ್ರು. ಹಳಬ ಇದ್ದಿದ್ರೂ ಮೇಲೆ ಬರ್ತಿತ್ತು ಅಂತ ನನ್ನ ಲೆಕ್ಕ."

"ನಿನ್ನ ಲೆಕ್ಕ ಸುಳ್ಳು ಅಂತ ಯಾರೂ ತೋರಿಸಕ್ಕಾಗಲ್ಲ. ಅದೇ ನಿನ್ನ ಲೆಕ್ಕದ ಗುಣ," ಅಂದಳು ವಿಮಲಾ.

ಇಷ್ಟು ಹೊತ್ತೂ ಕಣ್ಣು ಮುಚ್ಚಿ ಕೂತಿದ್ದ ರಂಗಣ್ಣ ಆಗ ಬಾಯಿಬಿಟ್ಟರು. ನಮಗೆಲ್ಲ ಹಿರಿಯರು, ಯಾವ ಟೀಮಿನ ಮೇಲೂ ಪ್ರೀತಿ ಉಳಿದಿಲ್ಲ. ಹಾಗಾಗಿ ಅವರ ಸಲಹೆಗಳು ಯಾವಾಗಲೂ ಕಟುಕನದ್ದೇ.

"ಏನಕ್ಕೆ ಒದ್ದಾಡ್ತೀರಯ್ಯ? ಇರೋಬರೋರ್ನೆಲ್ಲ ಮಾರಿ. ಶ್ರದ್ಧೆಯಿಂದ ಸೋಲಿ. ಕಡೇ ಸ್ಥಾನಕ್ಕೆ ಬನ್ನಿ. ಹೊಸ ಹುಡುಗರನ್ನ ಟೀಮುಗಳು ಸರದಿ ಮೇಲೆ ಆರಿಸ್ಕೊಳ್ಳೋ ಡ್ರಾಫ್ಟ್‌ನಲ್ಲಿ ಒಂದನೇ ಹುಡುಗನ್ನ ಎತ್ಕೊಳ್ಳಿ. 1984ರಲ್ಲಿ ಪಿಟ್ಸ್‌ಬರ್ಗ್‌ನೋರು 38 ಪಾಯಿಂಟ್‌ಗೆ ಇಳಿದು ಮಾರಿಯೋ ಲೆಮ್ಯೂನ ತಂದ್ರೋ ಇಲ್ವೋ? ನ್ಯೂಜೆರ್ಸಿಯೋರು ಮಾನ ಉಳಿಸ್ಕೊಂಡು 41 ಪಾಯಿಂಟ್ ಮಾಡಿದ್ರು. ಮಾನ ಸಿಕ್ತು, ಲೆಮ್ಯೂ ಸಿಗಲಿಲ್ಲ."

"ಅದು ನಿಮ್ಮ ಕಾಲ ರಂಗಣ್ಣ," ಅಂದಳು ವಿಮಲಾ. "ಆ ಸರದಿಗೆ 1995ರಿಂದ ಲಾಟರಿ ಇದೆ. ಈಗಿನ ನಿಯಮದಲ್ಲಿ ಕಡೇ ಟೀಮಿಗೆ ಒಂದನೇ ಆಯ್ಕೆ ಸಿಗೋ ಸಾಧ್ಯತೆ ನೂರಕ್ಕೆ 25.5. ಅಂದ್ರೆ ನಾಲ್ಕು ಸಲ ಸರ್ವನಾಶ ಆದ್ರೆ ಒಂದು ಸಲ ಗಿಟ್ಟತ್ತೆ. ಬಫಲೋ ಕಥೆ ಮರೆತ್ರಾ?"

ಬಫಲೋ ಅಂದ ಕೂಡಲೇ ಎಲ್ಲರೂ ಸರಿಯಾಗಿ ಕೂತೆವು. ಸೋಲಿನ ಬಗ್ಗೆ ಮಾತಾಡುವಾಗ ಬಫಲೋ ಸೇಬರ್ಸ್ ಬಿಟ್ಟು ಮಾತಾಡಿದರೆ ಅಪಚಾರ. 2011ರಲ್ಲಿ ಪ್ಲೇಆಫ್ ಆಡಿದ ಮೇಲೆ 2025ರವರೆಗೆ ಸತತ 14 ಸೀಸನ್ ಅದರ ಹೊಸಿಲು ತುಳಿಯಲಿಲ್ಲ. ಲೀಗಿನ ಇತಿಹಾಸದಲ್ಲಿ ಇಂಥ ಇನ್ನೊಂದು ಬರ ಇಲ್ಲ.

2015ರಲ್ಲಿ ಇವರು ಕಾನರ್ ಮೆಕ್‌ಡೇವಿಡ್ ಅನ್ನೋ ಹುಡುಗನ ಆಸೆಗೆ ತಳ ಮುಟ್ಟಲು ಹೊರಟಿದ್ದರು. ಪೈಪೋಟಿಗೆ ಅರಿಜೋನಾ ಇತ್ತು. ಮಾರ್ಚ್‌ನಲ್ಲಿ ಆ ಎರಡು ಟೀಮುಗಳೇ ಬಫಲೋದಲ್ಲಿ ಎದುರಾದವು, ಮ್ಯಾಚ್ ಓವರ್‌ಟೈಮ್‌ಗೆ ಹೋಯಿತು. ಅರಿಜೋನಾ ಗೋಲು ಹೊಡೆದಾಗ ಬಫಲೋದ ಜನ ಸ್ವಂತ ಅಂಗಳದಲ್ಲಿ ಎದ್ದು ಚಪ್ಪಾಳೆ ಹೊಡೆದರು. ಬೆವರು ಸುರಿಸಿ ಆಡಿ ಸೋತ ಹುಡುಗರು ತಲೆ ಎತ್ತಿ ನೋಡಿದರೆ, ತಮ್ಮದೇ ಅಂಗಿ ತೊಟ್ಟ ಜನ ಸಂಭ್ರಮಿಸುತ್ತಿದ್ದಾರೆ! ಇಷ್ಟು ಮಾಡಿ ಕಡೇ ಸ್ಥಾನ ಗಳಿಸಿದರೂ ಲಾಟರಿ ಹೊಡೆದದ್ದು ಎಡ್ಮಂಟನ್‌ಗೆ. ಅವರಿಗೋ ಅದಾಗಲೇ 2010, 2011, 2012ರಲ್ಲಿ ಮೂರು ಸಲ ಒಂದನೇ ಆಯ್ಕೆ ಸಿಕ್ಕಿತ್ತು, ಮೂರನ್ನೂ ಇಟ್ಟುಕೊಂಡು ಒಮ್ಮೆಯೂ ಪ್ಲೇಆಫ್ ಮುಟ್ಟಿರಲಿಲ್ಲ.

"ಹಂಗಂದ್ರೆ ಹುಡುಗನ್ನ ತಂದ್ರೂ ಆಗಲ್ಲ, ತರದಿದ್ರೂ ಆಗಲ್ಲ," ರಂಗಣ್ಣ ಮತ್ತೆ ಕಣ್ಣು ಮುಚ್ಚಿದರು.

"ತಂದೋರ್ನ ಇಟ್ಕೊಳ್ಳಕ್ಕೆ ಬರ್ಬೇಕು," ಅಂದಳು ವಿಮಲಾ. "ಬಫಲೋದಲ್ಲಿ ರಯನ್ ಓರೈಲಿ ಅಂತ ಇದ್ದ. 2018ರ ಸೀಸನ್ ಮುಗಿದಾಗ, ಸೋತು ಸೋತು ಎಷ್ಟೋ ಸಲ ಆಟದ ಮೇಲಿನ ಪ್ರೀತಿನೇ ಹೋಗಿತ್ತು ಅಂತ ಪತ್ರಕರ್ತರ ಮುಂದೆ ಒಪ್ಕೊಂಡ. ಮನುಷ್ಯನಿಗೆ ಸೋಲು ನಾಟಿದೆ ಅಂತ ಅರ್ಥ. ಇಂಥೋನ್ನ ಹಿಡಿದು ಇಟ್ಕೋಬೇಕೋ ಬೇಡ್ವೋ? ಜುಲೈ 1ಕ್ಕೆ ಮಾರಿದ್ರು. ಎಲ್ಲಿಗೆ?"

"ಸೇಂಟ್ ಲೂಯಿಸ್‌ಗೆ," ಸೀನನ ಧ್ವನಿ ಇಳಿದಿತ್ತು.

"ಒಂದೇ ವರ್ಷ. 2019ರ ಕಪ್ಪೂ ಅವನ ಕೈಲಿ, ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಅಂತ ಕಾನ್ ಸ್ಮೈತ್ ಟ್ರೋಫಿನೂ ಅವನ ಕೈಲಿ. ಮೆಕ್‌ಡೇವಿಡ್ ಬದಲು ಸಿಕ್ಕಿದ್ದ ಜ್ಯಾಕ್ ಐಕಲ್‌ಗೆ ಕುತ್ತಿಗೆ ನೋವಾಯ್ತು. ಅವನು ಒಂದು ಥರ ಆಪರೇಷನ್ ಕೇಳ್ದ, ಟೀಮಿನ ಡಾಕ್ಟರುಗಳು ಇನ್ನೊಂದು ಥರ ಅಂದ್ರು. ತಿಂಗಳುಗಟ್ಟಲೆ ಜಗ್ಗಾಟ, ಕ್ಯಾಪ್ಟನ್ ಪಟ್ಟನೂ ಕಿತ್ಕೊಂಡ್ರು. 2021ರ ನವೆಂಬರ್‌ನಲ್ಲಿ ವೇಗಸ್‌ಗೆ ಕಳಿಸಿದ್ರು. ವೇಗಸ್‌ನೋರು ಅವನು ಕೇಳಿದ ಆಪರೇಷನ್ನೇ ಮಾಡಿಸ್ಕೋ ಅಂದ್ರು. 2023ರಲ್ಲಿ ಕಪ್. 2021ರ ಬೇಸಿಗೆಯಲ್ಲೇ ಸ್ಯಾಮ್ ರೈನ್‌ಹಾರ್ಟ್‌ನ ಫ್ಲೋರಿಡಾಗೆ ಮಾರಿದ್ರು..."

"ಗೊತ್ತು, ಗೊತ್ತು. 2024ರ ಫೈನಲ್, ಏಳನೇ ಮ್ಯಾಚ್, ಗೆಲುವಿನ ಗೋಲು ಅವನದ್ದೇ," ಅಂತ ನಾಗೇಶ ಪೂರ್ತಿ ಮಾಡಿದ.

"ಮೂರು ಜನ, ಮೂರು ಊರು, ಮೂರು ಕಪ್. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರತ್ತಾ?"

"ಅಂದ್ರೆ ಕಪ್ ಬೇಕಂದ್ರೆ ಬಫಲೋದಿಂದ ಒಬ್ಬನ್ನ ಕೊಂಡ್ಕೋಬೇಕು," ಅಂದ ಸೀನ. ಅವನ ಮುಖದಲ್ಲಿ ಮೊದಲ ಸಲ ಯೋಜನೆಯ ಬೆಳಕು ಕಂಡಿತು.

ಫ್ಲೋರಿಡಾದವರೂ ಸಾಚಾಗಳಲ್ಲ ಅಂತ ನಾನು ಸೇರಿಸಿದೆ. 2017ರಲ್ಲಿ ವೇಗಸ್ ಅನ್ನೋ ಹೊಸ ಟೀಮು ಹುಟ್ಟಿದಾಗ, ಹಿಂದಿನ ಸೀಸನ್‌ನಲ್ಲಿ 30 ಗೋಲು ಹೊಡೆದಿದ್ದ ಮಾರ್ಶಸೋನ ಉಳಿಸಿಕೊಳ್ಳದೆ ಅದಕ್ಕೇ ಬಿಟ್ಟುಕೊಟ್ಟರು. ಆರು ವರ್ಷದ ಮೇಲೆ ವೇಗಸ್ ಫೈನಲ್‌ನಲ್ಲಿ ಸೋಲಿಸಿದ್ದು ಫ್ಲೋರಿಡಾವನ್ನೇ, ಕಾನ್ ಸ್ಮೈತ್ ಹೋದದ್ದು ಮಾರ್ಶಸೋಗೇ.

"ಅದಿರಲಿ ಸೀನ, ಒಬ್ಬನ್ನ ಕಳಿಸೋದು ಖರ್ಚು ಕಮ್ಮಿ ಅಂದ್ಯಲ್ಲ?" ವಿಮಲಾ ತನ್ನ ಕಸುಬಿನ ಧ್ವನಿಗೆ ತಿರುಗಿದಳು. "ಟೊರಾಂಟೋದೋರು 2015ರಲ್ಲಿ ಮೈಕ್ ಬ್ಯಾಬ್‌ಕಾಕ್‌ಗೆ ಎಂಟು ವರ್ಷಕ್ಕೆ 5 ಕೋಟಿ ಡಾಲರ್ ಬರ್ಕೊಟ್ರು. 2019ರಲ್ಲಿ ಮನೆಗೆ ಕಳಿಸಿದ್ರು. ಒಪ್ಪಂದ ಮಾತ್ರ ಮನೆಗೆ ಹೋಗ್ಲಿಲ್ಲ. ಆಟಗಾರರದ್ದು ಇನ್ನೂ ಚೆಂದ. ನ್ಯೂಯಾರ್ಕ್ ಐಲ್ಯಾಂಡರ್ಸ್ 2006ರಲ್ಲಿ ರಿಕ್ ಡಿಪಿಯೆಟ್ರೋ ಅನ್ನೋ ಗೋಲ್‌ಕೀಪರ್‌ಗೆ 15 ವರ್ಷದ ಒಪ್ಪಂದ ಕೊಡ್ತು. ಪಾಪ, ಗಾಯದ ಮೇಲೆ ಗಾಯ. 2013ರಲ್ಲಿ ಲೆಕ್ಕ ಚುಕ್ತಾ ಮಾಡಿ ಬಿಟ್ರು. ಚುಕ್ತಾ ಅಂದ್ರೆ ಹೆಂಗೆ? ಮೂರರಲ್ಲಿ ಎರಡು ಪಾಲು ದುಡ್ಡನ್ನ, ಉಳಿದಿದ್ದ ವರ್ಷಗಳ ಎರಡರಷ್ಟು ವರ್ಷ ಕೊಡೋದು. ವರ್ಷಕ್ಕೆ 15 ಲಕ್ಷ ಡಾಲರ್, 2029ರ ತನಕ."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನಾವೆಲ್ಲ ಗೋಲ್‌ಕೀಪರ್ ಆಗದೇ ಬದುಕಿನಲ್ಲಿ ತಪ್ಪಿದ್ದೆಲ್ಲಿ ಅಂತ ಯೋಚಿಸುತ್ತಿದ್ದೆವು.

"ಹಂಗಾದ್ರೆ ಏನೂ ಮಾಡ್ದೆ ಕೂತಿರ್ಬೇಕಾ?" ಸೀನ ಸಿಡಿದ.

"ಕೊಲೊರಾಡೋ ಹೆಚ್ಚುಕಮ್ಮಿ ಹಂಗೇ ಕೂತ್ರು," ಅಂದ ನಾಗೇಶ. "2016-17ರಲ್ಲಿ ಅವರದ್ದು 82 ಮ್ಯಾಚ್‌ಗೆ 48 ಪಾಯಿಂಟು. ಹೀನಾಯ. ಹೊಸ ಕೋಚ್ ಬೆಡ್ನಾರ್‌ಗೆ ಅದು ಮೊದಲ ವರ್ಷ. ಯಾರಾದ್ರೂ ತೆಗೀತಿದ್ರು. ಮ್ಯಾನೇಜರ್ ಜೋ ಸಾಕಿಕ್ ತೆಗೀಲಿಲ್ಲ. ಲಾಟರೀಲೂ ಜಾರಿ ನಾಲ್ಕನೇ ಆಯ್ಕೆಗೆ ಬಿದ್ರು. ಆ ನಾಲ್ಕನೇ ಹುಡುಗ ಕೇಲ್ ಮಕಾರ್. ಮ್ಯಾಟ್ ಡುಷೇನ್ ಅನ್ನೋ ಸ್ಟಾರ್‌ನ ಮಾರ್ಬೇಕಿತ್ತು, ಊರೆಲ್ಲ ಮಾರು ಮಾರು ಅಂತಿತ್ತು. ತಾನು ಹೇಳಿದ ಬೆಲೆ ಬರೋವರೆಗೂ ಸಾಕಿಕ್ ಜಗ್ಗಲಿಲ್ಲ. 2017ರ ನವೆಂಬರ್‌ನಲ್ಲಿ ಮೂರು ಟೀಮು ಸೇರಿದ ವ್ಯಾಪಾರದಲ್ಲಿ ರಾಶಿ ರಾಶಿ ತಂದ. 2022ರಲ್ಲಿ ಕಪ್. ಕೋಚ್ ಅದೇ ಬೆಡ್ನಾರ್. ಕಾನ್ ಸ್ಮೈತ್ ಅದೇ ಮಕಾರ್."

"ತಾಳಿದವನು ಬಾಳಿಯಾನು," ಅಂದರು ರಂಗಣ್ಣ ಕಣ್ಣು ತೆರೆಯದೆ. "ಡೆಟ್ರಾಯಿಟ್‌ನೋರೂ ತಾಳಿದ್ರು. 2019ರಲ್ಲಿ ಯ್ಜರ್‌ಮನ್ ಮ್ಯಾನೇಜರ್ ಆಗಿ ಬಂದು ತಾಳ್ಮೆ ಇರಲಿ ಅಂದ. 2025ರ ತನಕ ಪ್ಲೇಆಫ್ ಕಾಣಲಿಲ್ಲ. 25 ವರ್ಷ ಸತತವಾಗಿ ಪ್ಲೇಆಫ್ ಆಡಿದ್ದ ಟೀಮು ಅದು."

ನನಗೆ ರಂಗಣ್ಣನ ಮಾತು ಸರಿ ಅನ್ನಿಸಿತು. ಸಾಕಿಕ್ ಕಾದದ್ದು ಮೆಕಿನನ್, ರಾಂಟನೆನ್, ಲ್ಯಾಂಡೆಸ್ಕಾಗ್ ಅಂಥವರನ್ನು ಆಗಲೇ ಟೀಮಿನಲ್ಲಿ ಇಟ್ಟುಕೊಂಡು. ಮಾಲು ಇದ್ದವನು ಕಾಯುವುದೇ ಬೇರೆ, ಖಾಲಿ ಕೈಯವನು ಕಾಯುವುದೇ ಬೇರೆ. ಮ್ಯಾನೇಜರ್ ಆದವನು ಸೋತ ಮರುದಿನ ಬಾಗಿಲು ಹಾಕಿಕೊಂಡು, ತನ್ನ ಹತ್ತಿರ ಇರೋದು ಯಾವ ಸೋಲು ಅಂತ ಮೊದಲು ಕೇಳಿಕೊಳ್ಳಬೇಕು ಅಂತ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಕನಿಷ್ಠ ಅಭಿಮಾನಿಗಳಿಗೆ ಒಂದು ಕಾಗದ ಬರೀಬಹುದಲ್ಲ?" ಅಂದ ಸೀನ. "2018ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರೇಂಜರ್ಸ್ ಬರೆದಿತ್ತು. ನಿಮಗಿಷ್ಟವಾದ ಆಟಗಾರರು ಹೋಗಬಹುದು, ಟೀಮು ಹೊಸದಾಗಿ ಕಟ್ತೀವಿ ಅಂತ. ಮರ್ಯಾದಸ್ಥರು."

"ನಿಮ್ಮೋರು ಬರೆದ್ರೆ ಹಿಂಗಿರತ್ತೆ," ವಿಮಲಾ ಗಂಟಲು ಸರಿಮಾಡಿಕೊಂಡಳು. "ಪ್ರಿಯ ಅಭಿಮಾನಿಗಳೇ, ನಿಮ್ಮ ನಿರಾಸೆ ನಮ್ಮ ಗಮನಕ್ಕೆ ಬಂದಿದೆ. ಮುಂದಿನ ಸೀಸನ್‌ನ ಟಿಕೆಟ್ ದರ ಈ ಕೆಳಕಂಡಂತಿದೆ."

ನಗು ಇಳಿಯುವ ಹೊತ್ತಿಗೆ ರಂಗಣ್ಣ ಕಣ್ಣು ಬಿಟ್ಟಿದ್ದರು. "ಸೋಲೋದು ಅಂದ್ರೆ ವಾಷಿಂಗ್ಟನ್ ಕ್ಯಾಪಿಟಲ್ಸ್ ಕಣಯ್ಯ. 1974-75, ಅವರ ಮೊದಲನೇ ವರ್ಷ. 80 ಮ್ಯಾಚ್‌ಗೆ ಎಂಟು ಗೆಲುವು, 67 ಸೋಲು. ಹೊರಗಿನ ಊರಲ್ಲಿ ಸತತ 37 ಸೋತಿದ್ರು. ಮಾರ್ಚ್ ಕೊನೇಲಿ ಕ್ಯಾಲಿಫೋರ್ನಿಯಾದಲ್ಲಿ ಒಂದೇ ಒಂದು ಗೆದ್ರು ನೋಡು, ಹುಡುಗರು ಡ್ರೆಸ್ಸಿಂಗ್ ರೂಮಿನ ಕಸದ ಡಬ್ಬಿ ಎತ್ಕೊಂಡು, ಸ್ಟ್ಯಾನ್ಲಿ ಕಪ್ ಥರ ತಲೆ ಮೇಲೆ ಹಿಡಿದು ಐಸ್ ಮೇಲೆ ಸುತ್ತು ಹಾಕಿದ್ರು."

ಸೀನ ಬಾಯಿ ಬಿಟ್ಟುಕೊಂಡು ಕೇಳಿದ. ಕಸದ ಡಬ್ಬಿಯಾದರೂ ಎತ್ತುವ ಯೋಗ ಬಂತಲ್ಲ ಅನ್ನುವ ಅಸೂಯೆ ಅವನ ಕಣ್ಣಿನಲ್ಲಿ ಸ್ಪಷ್ಟವಾಗಿತ್ತು.

"ಆ ವರ್ಷ ಕೋಚ್‌ನ ಬದಲಾಯಿಸಿರ್ಲಿಲ್ವಾ?"

"ಬದಲಾಯಿಸ್ದೆ ಇರ್ತಾರಾ? ಒಂದೇ ಸೀಸನ್‌ಗೆ ಮೂರು ಜನ."

ಸೀನ ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

"ಅಲ್ಲೇ ಎಡವಿದ್ದು," ಅಂದ. "ನಾಲ್ಕನೆಯೋನ್ನ ತರ್ಬೇಕಿತ್ತು."