ತುಳಸಿ ಒಣಗಿದೆ, ಮಗಳಿಗೆ ಏನು ಹೇಳಲಿ?

ತುಂಗಾತೀರ, ಮಿನ್ನೆಸೋಟ:
ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ನಮ್ಮದು ತೀರ್ಥಹಳ್ಳಿ ಕಡೆ. ಅಮೆರಿಕದ ಈ ಚಳಿ ರಾಜ್ಯಕ್ಕೆ ಬಂದು 9 ವರ್ಷ ಆಯಿತು, ಮಗಳಿಗೆ ಈಗ 7. ಅಪಾರ್ಟ್‌ಮೆಂಟಿನಲ್ಲಿ ಎರಡನೇ ಮಹಡಿ, ಒಂದು ಪುಟ್ಟ ಬಾಲ್ಕನಿ. ಕಳೆದ ಜೂನ್‌ನಲ್ಲಿ ಪರಿಚಯದವರು ಕೊಟ್ಟ ತುಳಸಿ ಸಸಿಯನ್ನು ಕುಂಡದಲ್ಲಿ ನೆಟ್ಟಿದ್ದೆ. ಬೇಸಿಗೆಯಲ್ಲಿ ಸೊಂಪಾಗಿ ಬೆಳೆಯಿತು. ಮಗಳು ದಿನಾ ಸಂಜೆ ತಾನೇ ನೀರು ಹಾಕಿ, ದೀಪ ಇಟ್ಟು ಕೈ ಮುಗಿಯುತ್ತಿದ್ದಳು. ಸುತ್ತು ಬರೋಕೆ ಜಾಗ ಇಲ್ಲ, ನಿಂತಲ್ಲೇ ಮೂರು ಸಲ ತಿರುಗುತ್ತಿದ್ದಳು. ನಮ್ಮ ಸಂಜೆ ಅಂದರೆ ಊರಲ್ಲಿ ಬೆಳಗಿನ ಜಾವ. ನಮ್ಮ ಅತ್ತೆ ವಿಡಿಯೊದಲ್ಲಿ ಅದನ್ನು ನೋಡಿಯೇ ಕಾಫಿ ಕುಡಿಯುತ್ತಿದ್ದರು.

ಅಕ್ಟೋಬರ್‌ನಲ್ಲಿ ಕುಂಡವನ್ನು ಒಳಗೆ ತಂದೆ. ಬೆಚ್ಚಗಿರಲಿ ಅಂತ ಹೀಟರ್ ಪಕ್ಕದಲ್ಲೇ ಇಟ್ಟೆ. ಡಿಸೆಂಬರ್ ಹೊತ್ತಿಗೆ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯಿತು. ಅತ್ತೆಗೆ ಹೇಳುವ ಧೈರ್ಯ ಬರಲಿಲ್ಲ. ಎರಡು ತಿಂಗಳಿಂದ ಫೋನನ್ನು ದೇವರ ಗೂಡಿನ ಕಡೆ ಮಾತ್ರ ತಿರುಗಿಸುತ್ತಿದ್ದೇನೆ. ಮೊನ್ನೆ ಮಗಳು ಕೇಳಿದಳು, "ಅಮ್ಮ, ತುಳಸಿ ಸತ್ತರೆ ದೇವರು ಸತ್ತ ಹಾಗಾ? ಅದಕ್ಕೇ ಅಜ್ಜಿಗೆ ತೋರಿಸ್ತಿಲ್ವಾ?"

ನನಗೆ ಬಾಯಿ ಬರಲಿಲ್ಲ. ಅವತ್ತು ರಾತ್ರಿ ನಿದ್ದೆಯೂ ಬರಲಿಲ್ಲ. ನನಗೆ ಬೇಕಾಗಿರುವುದು ಎರಡೇ. ಇಲ್ಲಿನ ಚಳಿಯಲ್ಲಿ ತುಳಸಿಯನ್ನು ಹೇಗೆ ಉಳಿಸಿಕೊಳ್ಳೋದು? ಮಗುವಿಗೆ ಏನು ಹೇಳೋದು? ದಯವಿಟ್ಟು ತಿಳಿದವರು ಹೇಳಿ.

ಬಯಲುಸೀಮೆ ಹೆಣ್ಣು, ಹ್ಯೂಸ್ಟನ್:
ಅಯ್ಯೋ ಪಾಪ. ನಮ್ಮಲ್ಲಿ ಹಿತ್ತಲಲ್ಲಿ ತಾನಾಗೇ ಹುಟ್ಟಿಕೊಳ್ಳುತ್ತೆ, ಕಿತ್ತು ಕಿತ್ತು ಎಲ್ಲರಿಗೂ ಕೊಡುತ್ತೇನೆ. ದಾಸವಾಳ, ಮಲ್ಲಿಗೆ, ನುಗ್ಗೆ ಎಲ್ಲ ಇದೆ. ಈ ಕಡೆ ಬಂದುಬಿಡಿ.

ಗಿಡದ ಅಕ್ಕ, ಮಿನ್ನೆಸೋಟ:
ನಾನೂ ಇದೇ ರಾಜ್ಯದಲ್ಲಿ 17 ವರ್ಷದಿಂದ ಇದ್ದೇನೆ. ಮೊದಲ ನಾಲ್ಕು ಚಳಿಗಾಲ ನಾಲ್ಕು ತುಳಸಿ ಹೋಗಿವೆ, ನಿಮ್ಮೊಬ್ಬರದೇ ತಪ್ಪು ಅಂದುಕೊಳ್ಳಬೇಡಿ.

ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವ ಮೊದಲೇ ಒಳಗೆ ತರಬೇಕು. ನಮ್ಮಲ್ಲಿ ಅದು ಸೆಪ್ಟೆಂಬರ್‌ನಲ್ಲೇ ಆಗಿಬಿಡುತ್ತೆ, ಅಕ್ಟೋಬರ್ ತಡ. ಹೀಟರ್ ಗಾಳಿ ನೇರ ತಾಗಿದರೆ ಎಲೆ ಸುಟ್ಟ ಹಾಗೆ ಒಣಗುತ್ತೆ. ದಕ್ಷಿಣದ ಕಿಟಕಿ ಹತ್ತಿರ ಇಡಿ, ಆದರೆ ಎಲೆ ತಣ್ಣನೆ ಗಾಜಿಗೆ ತಾಗಬಾರದು. ಡಿಸೆಂಬರ್‌ನಲ್ಲಿ ಹಗಲು 9 ಗಂಟೆಗೂ ಕಡಿಮೆ, ಅಷ್ಟು ಬಿಸಿಲು ಅದಕ್ಕೆ ಸಾಲೋದಿಲ್ಲ. ಗಿಡಕ್ಕೆ ಅಂತಲೇ ಸಿಗುವ ಎಲ್ಇಡಿ ದೀಪ ತಂದು ದಿನಕ್ಕೆ 12ರಿಂದ 14 ಗಂಟೆ ಹಾಕಿ. ನೀರು ದಿನಾ ಬೇಡ. ಮಣ್ಣಿಗೆ ಬೆರಳಿಟ್ಟು ನೋಡಿ, ಮೇಲೆ ಒಣಗಿದ್ದರೆ ಮಾತ್ರ ಹಾಕಿ. ನಮ್ಮ ಕಡೆಯ ಹೆಂಗಸರು ಚಳಿಗಾಲದಲ್ಲೂ ದಿನಾ ಒಂದು ತಂಬಿಗೆ ಸುರಿದು ಬೇರು ಕೊಳೆಸೋದೇ ಜಾಸ್ತಿ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಉಳಿಯಲ್ಲ. ಹಾಗಾಗಿ ಬೀಜ ಇಟ್ಟುಕೊಳ್ಳಿ. ಒಣಗಿದ ಕಡ್ಡಿ ಎಸೆದಿದ್ದೀರಾ? ಎಸೆಯದೆ ಇದ್ದರೆ ಕದಿರನ್ನು ಬಿಳಿ ಕಾಗದದ ಮೇಲೆ ತಿಕ್ಕಿ ನೋಡಿ. ಮಾರ್ಚ್ ಕೊನೆಗೆ ಮನೆಯೊಳಗೇ ಬಿತ್ತಿದರೆ ಮೇ ಕೊನೆಗೆ ಬಾಲ್ಕನಿಗೆ ಇಡಬಹುದು. ಅದಕ್ಕೂ ಮೊದಲು ಹೊರಗೆ ಇಡಬೇಡಿ, ಮೇ ಮಧ್ಯದವರೆಗೂ ಇಬ್ಬನಿ ಹೆಪ್ಪುಗಟ್ಟುವುದುಂಟು.

ಮಗುವಿಗೆ ಏನು ಹೇಳೋದು ಅಂತ ಕೇಳಿದ್ದೀರಿ. ನಾನು ಮಾಡಿದ್ದು ಹೇಳುತ್ತೇನೆ. ಮಾರ್ಚ್‌ನಲ್ಲಿ ಇಲ್ಲಿ ಮೇಪಲ್ ಮರದ ರಸ ಇಳಿಸುತ್ತಾರಲ್ಲ, ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹಗಲು ಹಿಮ ಕರಗಬೇಕು, ರಾತ್ರಿ ಮತ್ತೆ ಹೆಪ್ಪುಗಟ್ಟಬೇಕು, ಆಗಲೇ ರಸ ಇಳಿಯೋದು. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಸಿರಪ್. ಆ ಹೊಗೆ, ಆ ವಾಸನೆ, ಒಲೆ ಸುತ್ತ ನಿಂತ ಜನ, ಎಲ್ಲಾ ನಮ್ಮ ಆಲೆಮನೆಯೇ! ನನ್ನ ಮಗ "ಅಮ್ಮ, ಇದು ಜೋನಿಬೆಲ್ಲ" ಅಂದ. ಇಲ್ಲಿನ ಮೂಲ ಜನ ಒಜಿಬ್ವೆಯವರು ಕೆರೆಗಳಲ್ಲಿ ತಾನಾಗಿ ಬೆಳೆಯುವ ಕಾಡು ಅಕ್ಕಿಯನ್ನು ಮನೂಮಿನ್ ಅನ್ನುತ್ತಾರೆ. ದೋಣಿಯಲ್ಲಿ ಹೋಗಿ ಕೋಲಿನಿಂದ ಬಡಿದು ತೆನೆಯ ಕಾಳು ಉದುರಿಸುತ್ತಾರೆ. ಅವರಿಗೆ ಅದು ದೇವರು ಕೊಟ್ಟ ಅನ್ನ. ಗಿಡಕ್ಕೆ ಕೈ ಮುಗಿಯೋದು ನಾವೊಬ್ಬರೇ ಅಲ್ಲ ಅಂತ ಮಕ್ಕಳಿಗೆ ಗೊತ್ತಾದ ಮೇಲೆ ಅವರ ನಾಚಿಕೆ ಹೋಯಿತು.

ಮರಳಿ ಮೈಸೂರು:
ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಮೇಡಂ. ಸಮಸ್ಯೆ ತುಳಸಿಯದ್ದಲ್ಲ. ಆ ಗಿಡ ಬದುಕದ ಜಾಗದಲ್ಲಿ ನೀವು ಮಗು ಬೆಳೆಸುತ್ತಿದ್ದೀರಿ, ಸಮಸ್ಯೆ ಅದು.

ನಾವು 14 ವರ್ಷ ಡಲ್ಲಾಸ್‌ನಲ್ಲಿದ್ದು 2016ರಲ್ಲಿ ವಾಪಸ್ ಬಂದೆವು. ಮಕ್ಕಳಿಗೆ ಆಗ 8 ಮತ್ತು 5. ಇಲ್ಲಿ ಬೆಳಿಗ್ಗೆ ನನ್ನ ತಾಯಿ ಹೂವು ಬಿಡಿಸುವಾಗ ಅವರೂ ಬುಟ್ಟಿ ಹಿಡಿದು ಹೋದರು. ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆದರು. ಯಾರೂ ಕೂರಿಸಿ ಕಲಿಸಲಿಲ್ಲ. ಕನ್ನಡ ಬಂತು, ದೇವರು ಬಂತು, ದೊಡ್ಡವರು ಬಂದಾಗ ಎದ್ದು ನಿಲ್ಲೋದು ಬಂತು. ಎಲ್ಇಡಿ ದೀಪದಲ್ಲಿ ತುಳಸಿ ಬೆಳೆಸಬಹುದು, ಅಜ್ಜಿಯನ್ನು ಬೆಳೆಸೋಕಾಗುತ್ತಾ? ಮಗು ಹತ್ತು ದಾಟುವ ಮೊದಲು ಬನ್ನಿ. ಆಮೇಲೆ ಅವರೇ ಬರಲ್ಲ ಅಂತಾರೆ.

ಹಿರಿಯ ಸದಸ್ಯ, ನ್ಯೂಜೆರ್ಸಿ:
ಮೈಸೂರಿನವರ ಮಾತು ನಾನು ಒಪ್ಪೋದಿಲ್ಲ. ನಾವು 1983ರಲ್ಲಿ ಬಂದಾಗ ಇಲ್ಲಿ ಏನಿತ್ತು? ಬ್ರಿಜ್‌ವಾಟರ್ ದೇವಸ್ಥಾನ ಇರಲಿಲ್ಲ. 1977ರಲ್ಲಿ ಪ್ರತಿಷ್ಠೆಯಾದ ನ್ಯೂಯಾರ್ಕಿನ ಫ್ಲಶಿಂಗ್ ಗಣೇಶನ ಗುಡಿಗೆ ಹೋಗಬೇಕಿತ್ತು. ಹಿಮದಲ್ಲೂ ಹೋಗುತ್ತಿದ್ದೆವು. ಅಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಕನ್ನಡ ಮಾತಾಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಮಕ್ಕಳು ಚೆನ್ನಾಗೇ ಬೆಳೆದರು. ಮಗ ಡಾಕ್ಟರ್, ಮಗಳು ವಕೀಲೆ. ಇಬ್ಬರಿಗೂ ಕೆಟ್ಟ ಅಭ್ಯಾಸ ಒಂದೂ ಇಲ್ಲ.

ಒಂದೇ ಒಂದು ತಪ್ಪು ಮಾಡಿದೆ. ಮಗನ ಶಾಲೆಯ ಟೀಚರ್ ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಅಂದರು, ಕೇಳಿದೆ. ಈಗ ನನ್ನ ಹೆಂಡತಿ ಸಹಸ್ರನಾಮ ಹೇಳುವಾಗ ಮಗ ಬಂದು ಪಕ್ಕದಲ್ಲಿ ಕೂರುತ್ತಾನೆ. ಕಣ್ಣು ಮುಚ್ಚಿ ಕೇಳುತ್ತಾನೆ. ಮುಗಿದ ಮೇಲೆ ಎದ್ದು ಹೋಗುತ್ತಾನೆ. ಅವನಿಗೆ ಅದು ಬರೀ ದನಿ. ತಾಯಿ, ಮನೆಯಲ್ಲಿ ಕನ್ನಡ ಮಾತಾಡಿ. ಮಿಕ್ಕಿದ್ದು ತಾನಾಗಿ ಬರುತ್ತೆ.

ಧಾರವಾಡದಾಕಿ, ಷಿಕಾಗೊ:
ಮೈಸೂರು ಸರ್, ಎಲ್ಲರ ಮನಿ ನಿಮ್ಮ ಮನಿಹಂಗ ಇರೋದಿಲ್ರಿ. ನಮ್ಮ ಅಪ್ಪ ಅವ್ವ ದೊಡ್ಡ ವಾಡೆ ಮಾರಿ ಹುಬ್ಬಳ್ಳಿಯಲ್ಲಿ ಆರನೇ ಮಹಡಿಗೆ ಹೋದರು. ಅವ್ವನ ತುಳಸಿಯೂ ಬಾಲ್ಕನಿಯಲ್ಲೇ ಇದೆ, ಕುಂಡದಲ್ಲೇ ಇದೆ. ಬೆಂಗಳೂರಿನಲ್ಲಿ ನನ್ನ ಅಕ್ಕನ ಮಕ್ಕಳು ನನಗಿಂತ ಜಾಸ್ತಿ ಇಂಗ್ಲಿಷ್ ಮಾತಾಡುತ್ತಾರೆ. ಬೆಳಿಗ್ಗೆ ಏಳಕ್ಕೆ ಶಾಲೆ ಬಸ್ಸು, ಸಂಜೆ ಟ್ಯೂಷನ್. ಅವರು ಯಾವ ಕೆರೆ ಏರಿ ನೋಡಿದ್ದಾರೆ? ನಾನು ಇಲ್ಲಿ ಭಾನುವಾರ ಜೋಳದ ರೊಟ್ಟಿ ಬಡಿಯುವಾಗ ಮಕ್ಕಳು ಪಕ್ಕದಲ್ಲಿ ಹಿಟ್ಟು ನಾದುತ್ತಾರೆ. ಅದು ಸಂಸಾರ ಅಲ್ಲೇನು?

ಮರಳಿ ಮೈಸೂರು:
ಧಾರವಾಡದವರೇ, ಬೆಂಗಳೂರೊಂದೇ ಕರ್ನಾಟಕ ಅಲ್ಲ. ಸಣ್ಣ ಊರುಗಳಿವೆ, ತೋಟಗಳಿವೆ. 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದಿದೆ, ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಕಲಿಸಬೇಕು. ತೀರ್ಥಹಳ್ಳಿಯಲ್ಲಿ ಮನೆ ಇದೆ, ಅತ್ತೆ ಇದ್ದಾರೆ, ಅಂಗಳದಲ್ಲಿ ತುಳಸಿಕಟ್ಟೆ ಇದೆ. ಅಷ್ಟೆಲ್ಲ ಇದ್ದೂ ಆ ಮಗು ಬಾಲ್ಕನಿಯಲ್ಲಿ ನಿಂತಲ್ಲೇ ತಿರುಗುತ್ತಿದೆ. ಓದಿ ನನಗೆ ಹೊಟ್ಟೆ ಉರಿಯಿತು, ಅದಕ್ಕೇ ಬರೆದೆ.

ಉಪ್ಪುನೀರು, ಸ್ಯಾನ್ ಹೋಸೆ:
ಸರ್, ವಾಪಸ್ ಬರುವಾಗ ಮಕ್ಕಳಿಗೆ ಓಸಿಐ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಮೊದಲೇ ಮಾಡಿಸಿದ್ರಾ, ಅಲ್ಲಿಗೆ ಹೋದ ಮೇಲಾ? ನಾವೂ ಯೋಚನೆ ಮಾಡುತ್ತಿದ್ದೇವೆ.

ಮರಳಿ ಮೈಸೂರು:
ಅಲ್ಲಿಂದ ಹೊರಡುವ ಮೊದಲೇ ಮಾಡಿಸಿ. ಬಂದ ಮೇಲೆ ಓಡಾಟ ಜಾಸ್ತಿ.

ಅಡಿಕೆತೋಟ, ಸಿಯಾಟಲ್:
ಓಸಿಐ ಮಾತು ಬಂತು, ಅದಕ್ಕೆ ಹೇಳುತ್ತೇನೆ. ನಾನು ಅಮೆರಿಕದ ಪೌರತ್ವ ತೆಗೆದುಕೊಂಡು ಎಂಟು ವರ್ಷ ಆಯಿತು. 2021ರ ಮೇ ತಿಂಗಳಲ್ಲಿ ಅಪ್ಪ ಕೋವಿಡ್‌ನಿಂದ ಹೋದರು. ಹೋಗಲು ಆಗಲಿಲ್ಲ. ತಮ್ಮ ಫೋನ್ ಹಿಡಿದಿದ್ದ, ಅದರಲ್ಲೇ ನೋಡಿದೆ. ಅಪ್ಪನ ತೋಟ ಪಿತ್ರಾರ್ಜಿತವಾಗಿ ನನಗೂ ಬರುತ್ತೆ, ಅದಕ್ಕೆ ತೊಂದರೆ ಇಲ್ಲ. ಆದರೆ ಪಕ್ಕದ ಅರ್ಧ ಎಕರೆ, ಅಪ್ಪ ಜೀವನಪೂರ್ತಿ ಕೊಳ್ಳಬೇಕು ಅಂತಿದ್ದ ಜಾಗ, ಕಳೆದ ವರ್ಷ ಮಾರಾಟಕ್ಕೆ ಬಂತು. ಓಸಿಐ ಇರುವವರು ಕೃಷಿ ಭೂಮಿ ಕೊಳ್ಳುವ ಹಾಗಿಲ್ಲ. ಕೈಯಲ್ಲಿ ದುಡ್ಡಿತ್ತು. ಸುಮ್ನೆ ನೋಡುತ್ತಾ ಕೂತೆ. ವಾಪಸ್ ಹೋಗೋದು, ಬಿಡೋದು ನಿಮ್ಮ ಇಷ್ಟ. ಅಜ್ಜಿ ಇರುವಾಗ ಮಗುವನ್ನು ಒಂದು ಮಳೆಗಾಲ ಪೂರ್ತಿ ಊರಲ್ಲಿ ಬಿಡಿ.

ಕುಡ್ಲದ ಹೆಣ್ಣು, ಟೊರೊಂಟೊ:
ನಮ್ಮದು ಮಂಗಳೂರು ಕಡೆಯ ಕ್ರೈಸ್ತ ಮನೆ. ನಮ್ಮಲ್ಲಿ ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ. ಅದಕ್ಕೂ ಮೊದಲು ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂವು ಹಾಕುತ್ತಾರೆ. ಇಗರ್ಜಿಯಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದ ಆಗುತ್ತೆ. ಅದನ್ನು ಮನೆಗೆ ತಂದು, ಕಾಳು ಸುಲಿದು ಪಾಯಸಕ್ಕೆ ಹಾಕಿ ಎಲ್ಲರೂ ಹಂಚಿ ತಿನ್ನೋದು. ಇಲ್ಲಿ ಭತ್ತ ಎಲ್ಲಿಂದ ತರೋಣ? ನನ್ನ ಅಮ್ಮ ಆರು ಕಾಳು ಕಾಗದದಲ್ಲಿ ಸುತ್ತಿ ಕಳಿಸುತ್ತೇನೆ ಅಂದರು, ಬೇಡ ಅಂದೆ. ಬೀಜ ಹಾಗೆಲ್ಲ ಕಳಿಸೋಕಾಗಲ್ಲ. ಎರಡು ವರ್ಷದಿಂದ ಹತ್ತಿರದ ಹೊಲದವರನ್ನು ಕೇಳಿ ಗೋಧಿ ತೆನೆ ತರುತ್ತಿದ್ದೇವೆ. ಮೊದಲ ವರ್ಷ ಮನಸ್ಸಿಗೆ ಒಗ್ಗಲಿಲ್ಲ. ಮಕ್ಕಳಿಗೆ ಒಗ್ಗಿತು.

ಉಪ್ಪುನೀರು, ಸ್ಯಾನ್ ಹೋಸೆ:
ಬೀಜದ ಮಾತು ಬಂತು, ಹಾಗೇ ಒಂದು ಎಚ್ಚರಿಕೆ. ನಮ್ಮ ಕಡೆಯಿಂದ ಕರಿಬೇವಿನ ಗಿಡ ಬೇರೆ ರಾಜ್ಯಕ್ಕೆ ಪೋಸ್ಟ್ ಮಾಡಿ ಅಂತ ಯಾರೂ ಕೇಳಬೇಡಿ. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಸಣ್ಣ ಹುಳ ಕರಿಬೇವಿನ ಮೇಲೂ ಬದುಕುತ್ತೆ. ಅದಕ್ಕೆ ಕಾನೂನು ಬಿಗಿ.

ಹಿರಿಯ ಸದಸ್ಯ, ನ್ಯೂಜೆರ್ಸಿ:
ಎಲ್ಲ ಓದಿದೆ. ನಾನು ಮತ್ತೆ ಅದೇ ಹೇಳುತ್ತೇನೆ. ಮನೆಯಲ್ಲಿ ಕನ್ನಡ ಮಾತಾಡಿ.

ಮರಳಿ ಮೈಸೂರು:
ಮಾತಾಡಬೇಕು ಸರ್, ಆದರೆ ಯಾರ ಜೊತೆ? ಇಡೀ ದಿನದಲ್ಲಿ ಅಪ್ಪ ಅಮ್ಮ ಇಬ್ಬರೇ. ಬೀದಿಯಲ್ಲಿ ಕನ್ನಡ ಬೇಕು, ಜಗಳದಲ್ಲಿ ಕನ್ನಡ ಬೇಕು, ಆಟದಲ್ಲಿ ಬೇಕು. ಯಾರಾದರೂ ಮನಸ್ಸು ಮಾಡಿದರೆ ನನಗೆ ಬರೆಯಿರಿ. ಶಾಲೆ, ಮನೆ, ಸಾಮಾನು ಸಾಗಿಸೋದು, ಎಲ್ಲಕ್ಕೂ ಸಹಾಯ ಮಾಡುತ್ತೇನೆ. ಈವರೆಗೆ ಮೂರು ಸಂಸಾರಕ್ಕೆ ಮಾಡಿದ್ದೇನೆ.

(ಇದಕ್ಕೆ 31 ಜನ "ನನಗೂ ವಿವರ ಕಳಿಸಿ" ಎಂದು ಬರೆದಿದ್ದಾರೆ.)

ತುಂಗಾತೀರ, ಮಿನ್ನೆಸೋಟ:
ಎಲ್ಲರಿಗೂ ಧನ್ಯವಾದ. ವಾಪಸ್ ಹೋಗುವ ಮಾತು ನಮ್ಮ ಮನೆಯಲ್ಲೂ ವರ್ಷಕ್ಕೆರಡು ಸಲ ಬರುತ್ತೆ. ಮೈಸೂರು ಸರ್, ನಿಮ್ಮ ಮಾತಿಗೆ ನನಗೆ ಬೇಜಾರಿಲ್ಲ. ಅಡಿಕೆತೋಟದವರು ಹೇಳಿದ ಮಳೆಗಾಲದ ಮಾತು ಯಜಮಾನರಿಗೂ ಓದಿ ಹೇಳಿದೆ.

ನಿನ್ನೆ ಸಂಜೆ ಅತ್ತೆಗೆ ಫೋನಿನಲ್ಲಿ ಒಣಗಿದ ಕುಂಡವನ್ನೇ ತೋರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಇಲ್ಲೂ ಆಷಾಢದ ಮಳೆಗೆ ಕೊಳೆಯುತ್ತಲ್ಲೇ! ಕಟ್ಟೆ ಬುಡದಲ್ಲಿ ಹುಟ್ಟಿದ ಸಸಿ ಎತ್ತಿ ಮತ್ತೆ ನೆಡೋದು. ನಾನು ಮದುವೆಯಾಗಿ ಬಂದಾಗಿನ ತುಳಸಿ ಇದು ಅಂದುಕೊಂಡಿದ್ದೀಯಾ?" ಅಂದರು. ಮಗಳು ಪಕ್ಕದಲ್ಲೇ ಇದ್ದಳು.

ಗಿಡದ ಅಕ್ಕ, ಕಡ್ಡಿ ಎಸೆದಿರಲಿಲ್ಲ. ನೀವು ಹೇಳಿದ ಹಾಗೆ ಬಿಳಿ ಕಾಗದದ ಮೇಲೆ ಕದಿರು ತಿಕ್ಕಿದೆವು. ಸಾಸಿವೆಗಿಂತ ಸಣ್ಣ ಬೀಜ. ಮಗಳು ಸೂಜಿಯಲ್ಲಿ ಒಂದೊಂದೇ ಸರಿಸಿ ಎಣಿಸಿದಳು, 43 ಇವೆ. ಎಷ್ಟು ಆಳಕ್ಕೆ ಹೂಳಬೇಕು?

ಗಿಡದ ಅಕ್ಕ, ಮಿನ್ನೆಸೋಟ:
ಹೂಳಬೇಡಿ. ಒದ್ದೆ ಮಣ್ಣಿನ ಮೇಲೆ ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ, ಅಷ್ಟೇ. ಬೆಳಕು ಬೇಕು ಅದಕ್ಕೆ. ಮೇಲೊಂದು ಪ್ಲಾಸ್ಟಿಕ್ ಮುಚ್ಚಿ ಬೆಚ್ಚಗೆ ಇಡಿ, ಒಂದೆರಡು ವಾರದಲ್ಲಿ ಮೊಳಕೆ ಬರುತ್ತೆ. ಹಾಂ, ಎಲ್ಲ 43 ಒಟ್ಟಿಗೆ ಹಾಕಬೇಡಿ. ಅರ್ಧ ಕಾಗದದ ಪೊಟ್ಟಣದಲ್ಲಿ ಕಟ್ಟಿಡಿ, ಮೇಲೆ ವರ್ಷ ಬರೆಯೋಕೆ ಮಗಳಿಗೇ ಹೇಳಿ.