ಹೆರೇರಾ ಅಂದ್ರೆ ಏನು? ಆ ಹ ಎಲ್ಲಿ ಹೋಯ್ತು?

ಗೋಕುಲಂ_ಮೇಲ್ಮನೆ:
ನಮ್ಮ ಮಹಡಿ ಮನೆಗೆ ಯೋಗ ಕಲಿಯಲು ಸ್ಪೇನ್ ಹುಡುಗಿ ಬಂದಿದ್ದಾಳೆ. ವಿದೇಶದವರು ಉಳಿಯಲು ಬಂದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಫಾರ್ಮ್ ತುಂಬಿ ತಿಳಿಸಬೇಕಲ್ವಾ, ಪಾಸ್‌ಪೋರ್ಟ್ ನೋಡಿದೆ. ಸರ್‌ನೇಮ್ ಜಾಗದಲ್ಲಿ ಎರಡು ಹೆಸರು: ಹೆರೇರಾ ಮೊಲೀನಾ. ಒಂದು ಸಾಕು ಅಂತ ಮೊಲೀನಾ ಮಾತ್ರ ಹಾಕಿದೆ. ತಪ್ಪಾಯ್ತು, ಮತ್ತೆ ತುಂಬಿದೆ. ಅದು ಹೋಗಲಿ. 'ಹೆರೇರಾ' ಅಂತ ಕರೆದರೆ ಹುಡುಗಿ ನಗುತ್ತಾಳೆ. 'ಎರ್ರೇರಾ' ಅನ್ನಬೇಕಂತೆ! ಬರೆಯೋದು ಹೆಚ್ ಹಾಕಿ, ಓದುವಾಗ ನುಂಗೋದು. ಇದರ ಅರ್ಥ ಏನು, ಯಾರಿಗಾದ್ರೂ ಗೊತ್ತಾ?

ಅನುವಾದದ_ಕೂಲಿ:
ಸಾಮಾನ್ಯವಾಗಿ ಮೊದಲನೆಯದು ಅಪ್ಪನ ಕಡೆಯದು, ಎರಡನೆಯದು ಅಮ್ಮನ ಕಡೆಯದು. ಮದುವೆಯಾದರೂ ಹೆಂಗಸರು ಬದಲಾಯಿಸಲ್ಲ. ಒಂದೇ ಹೆಸರಲ್ಲಿ ಕರೆಯೋದಾದರೆ ಸಾಮಾನ್ಯವಾಗಿ ಮೊದಲನೆಯದನ್ನೇ ಹಿಡೀತಾರೆ, ನೀವು ಅದನ್ನೇ ಬಿಟ್ಟಿದ್ದೀರಿ. ಮೊಲೀನಾ ಅಂದ್ರೆ ಹಿಟ್ಟಿನ ಗಿರಣಿಗೆ ಸಂಬಂಧಪಟ್ಟ ಹೆಸರು.

ಮದ್ದೂರು_ಮೇಷ್ಟ್ರು:
ತಾಯಿ, ನಾನು 31 ವರ್ಷ ಕನ್ನಡ ಪಾಠ ಮಾಡಿದವನು, ಸ್ಪ್ಯಾನಿಷ್ ನಿವೃತ್ತಿಯ ಚಟ. ಹೆರೇರಾ ಲ್ಯಾಟಿನ್ನಿನ 'ಫೆರ್ರಾರಿಯಾ'ದಿಂದ ಬಂದದ್ದು, ಕಬ್ಬಿಣದ ಗಣಿ ಅಥವಾ ಕಮ್ಮಾರನ ಕುಲುಮೆ. ಸ್ಪೇನಿನಲ್ಲಿ ಆ ಹೆಸರಿನ ಊರುಗಳೇ ಇವೆ, ಸೆವಿಲ್ಯಾ ಪ್ರಾಂತ್ಯದಲ್ಲಿ ಒಂದು. ಊರಿಂದ ಮನೆತನಕ್ಕೆ ಹೆಸರು ಬರೋದು ನಮಗೇನು ಹೊಸದಲ್ಲ. ಇಟಲಿಯ ಫೆರಾರಿ ಕೂಡ ಇದೇ ಬೇರಿನದು, ಕಮ್ಮಾರರ ಹೆಸರು. ಅಷ್ಟು ದುಡ್ಡಿನ ಕಾರಿಗೆ!

ಈಗ ನಿಮ್ಮ ಹ. ಲ್ಯಾಟಿನ್ ಪದಗಳ ಮೊದಲಲ್ಲಿದ್ದ ಫ ಸ್ಪ್ಯಾನಿಷ್‌ನಲ್ಲಿ ಎಷ್ಟೋ ಕಡೆ ಹ ಆಯಿತು, ಆಮೇಲೆ ಅದೂ ಬಿದ್ದುಹೋಯಿತು. ಬರಹದಲ್ಲಿ ಮಾತ್ರ ಉಳಿದಿದೆ. ನಮ್ಮಲ್ಲೂ ಹಾಗೇ ತಾನೆ? ಹಳಗನ್ನಡದ ಪಾಲ್ ಹಾಲಾಯಿತು, ನಮ್ಮ ಮಂಡ್ಯದ ಬಾಯಲ್ಲಿ 'ಆಲು'. ಪಳ್ಳಿ, ಹಳ್ಳಿ, 'ಅಳ್ಳಿ'. ನನಗೆ ಜಾಸ್ತಿ ಇಷ್ಟವಾದದ್ದು ಹೊಗೆ. ಲ್ಯಾಟಿನ್ನಿನ 'ಫೂಮುಸ್' ಸ್ಪೇನಿನಲ್ಲಿ 'ಊಮೋ' ಆಯಿತು, ನಮ್ಮ ಪೊಗೆ ಹೊಗೆಯಾಗಿ ಈಗ 'ಒಗೆ'. ಎರಡು ಭಾಷೆಗೂ ನಂಟಿಲ್ಲ, ನಾಲಿಗೆ ಹಿಡಿದ ದಾರಿ ಮಾತ್ರ ಒಂದೇ ಥರ. ಹ ಬಿಟ್ಟ ಮಕ್ಕಳಿಗೆ ಹತ್ತು ಸಲ ಬರೆಸುತ್ತಿದ್ದೆ, ಈಗ ನೆನೆಸಿಕೊಂಡರೆ ನಾಚಿಕೆ.

ಕೆಆರ್‌ಪೇಟೆ_ಐಕ್ಳು:
ಮೇಷ್ಟ್ರೇ, ನನ್ನ ಕೈಲೂ ಬರೆಸಿದ್ರಿ ಅನ್ಸತ್ತೆ. ಆ ಪುಸ್ತಕ ವಾಪಸ್ ಕೊಡಿ.

ಗೋಕುಲಂ_ಮೇಲ್ಮನೆ:
ಧನ್ಯವಾದ ಮೇಷ್ಟ್ರೇ. ರಾತ್ರಿ ಅವಳಿಗೆ ಇದನ್ನೆಲ್ಲ ಹೇಳಿದೆ. ಬೆಳಿಗ್ಗೆ ಪಾಂಡವಪುರದ ಹಾಲಿನವನು ಗೇಟಿನ ಹತ್ತಿರ 'ಅಮ್ಮಾ, ಆಲು' ಅಂದ. ಮಹಡಿಯಿಂದ ಇವಳು 'ಎರ್ರೇರಾ' ಅಂತ ಕೂಗಿದಳು. ಪಾಪ, ಅವನು ಬೇರೆ ಮನೆಗೆ ಬಂದೆನೇನೋ ಅಂತ ನಂಬರ್ ನೋಡುತ್ತಿದ್ದ.